ಕಾಲ ಬುಡದ ಇಟ್ಟಿಗೆ

ನನ್ನ ಗಂಡನಿಗೆ ಹಿಮ ಬೀಳುವ ಚಳಿಗಾಲ ಇಷ್ಟ. ನನಗೆ ನಮ್ಮ ಕಡೆಯ ಮಂಕು ಚಳಿಗಾಲವೇ ಇಷ್ಟ, ಅತ್ತ ನಡುಕವೂ ಇಲ್ಲ, ಇತ್ತ ಸೆಕೆಯೂ ಇಲ್ಲ. ಗಂಡ ಹೆಂಡಿರ ಜಗಳಕ್ಕೆ ಇದೂ ಒಂದು ವಿಷಯವೇ ಎಂದು ಯಾರಾದರೂ ನಗಬಹುದು. ಮೊದಮೊದಲು ನಾವೂ ನಗುತ್ತಲೇ ಜಗಳವಾಡುತ್ತಿದ್ದೆವು.

ತೊಂಬತ್ತರ ದಶಕದ ಕೊನೆಯ ಮಾತಿದು. ಅವರು ಮಿಲಿಟರಿಯಲ್ಲಿದ್ದರು, ಉತ್ತರದ ಯಾವುದೋ ಎತ್ತರದ ಗುಡ್ಡದಲ್ಲಿ. ನಾನು ಭದ್ರಾವತಿಯ ನ್ಯೂ ಟೌನ್‌ನಲ್ಲಿ, ಮಾವನ ಕ್ವಾರ್ಟರ್ಸ್‌ನಲ್ಲಿ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮದುವೆಯಾಗಿ ಎರಡು ವರ್ಷವಾಗಿತ್ತು. ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಎಲ್ಲ ಸೇರಿಸಿದರೆ ನಾಲ್ಕು ತಿಂಗಳು.

ಮಾವ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಒಳಗೋಡೆಗೆ ಇಟ್ಟಿಗೆ ಕಟ್ಟುವವರು. ಹಳೆಯ ಗೋಡೆ ಕಿತ್ತಾಗ ಬಿಸಾಡುವ ಬೆಂಕಿ ಇಟ್ಟಿಗೆಗಳು ಆಗ ನ್ಯೂ ಟೌನ್‌ನ ಮನೆಮನೆಯಲ್ಲೂ ಇದ್ದವು. ಕೆಲವರು ಅದರಲ್ಲಿ ಬಚ್ಚಲ ಒಲೆ ಕಟ್ಟಿದ್ದರು, ಕೆಲವರು ಬಾಗಿಲಿಗೆ ಒತ್ತು ಕೊಡುತ್ತಿದ್ದರು. ಡಿಸೆಂಬರ್ ಬಂತೆಂದರೆ ಅದಕ್ಕೆ ಇನ್ನೊಂದು ಕೆಲಸ. ಹಂಡೆಯ ಒಲೆಯಲ್ಲಿ ಕಾಯಿಸಿ, ಗೋಣಿಚೀಲ ಸುತ್ತಿ, ಹಾಸಿಗೆಯಲ್ಲಿ ಕಾಲ ಬುಡಕ್ಕೆ ಇಡುವುದು. ಇಡೀ ದಿನ ಕುಲುಮೆಯ ಬಾಯಲ್ಲಿ ನಿಂತು ಬರುವವರಿಗೆ ನಮ್ಮ ಈ ಅರೆಬರೆ ಚಳಿಯೂ ಮೈಗೆ ಚುಚ್ಚುತ್ತಿತ್ತು.

ಇಟ್ಟಿಗೆ ಇಡುವುದನ್ನು ನನಗೆ ಕಲಿಸಿದ್ದು ಮಾವನೇ. "ಇದು ಶಾಖ ಒಳಗಿಟ್ಕೊಂಡು ನಿಧಾನಕ್ಕೆ ಬಿಡುತ್ತೆ ಕಣಮ್ಮ. ಮೊದ್ಲು ಮುಟ್ಟಿದಾಗ ಏನೂ ಇಲ್ಲ ಅನ್ಸುತ್ತೆ. ಹೆದರ್ಬೇಡ, ಜಾಸ್ತಿ ಆದ್ರೆ ಕಾಲು ತಾನೇ ಎಳ್ಕೊಳ್ಳುತ್ತೆ," ಅಂದಿದ್ದರು.

ಆ ವರ್ಷ ನನ್ನವರು ಎರಡು ತಿಂಗಳ ರಜೆಯ ಮೇಲೆ ಬಂದರು. ಬಂದ ಮೂರನೇ ದಿನ, ನಲ್ಲಿಯಿಂದ ತುಂಬಿದ ಕೊಡ ತಂದವಳು ನೋಡದೆ ಅವರ ಎಡಗಾಲಿನ ಬೆರಳುಗಳ ಮೇಲೆ ಇಟ್ಟುಬಿಟ್ಟೆ. ಅವರು ಪೇಪರ್ ಓದುತ್ತಾ ಕೂತಿದ್ದರು, ಓದುತ್ತಲೇ ಇದ್ದರು. ಕೊಡ ಎತ್ತಿ, "ಅಯ್ಯೋ, ನೋವಾಯ್ತಾ?" ಅಂದೆ. "ಏನು?" ಅಂದರು. ನಾನು ಕಾಲನ್ನೇ ನೋಡುತ್ತಿದ್ದೆ. ಆಮೇಲೆ ಅವರೂ ನೋಡಿದರು.

ಮಾವ ಹೊರಗೆ ಹೋದ ಮೇಲೆ ಹೇಳಿದರು. ಹಿಂದಿನ ಚಳಿಗಾಲ ಹಿಮದಲ್ಲಿ ಕಾಲು ಹೆಪ್ಪುಗಟ್ಟಿತಂತೆ. ಬಣ್ಣವೇನೋ ವಾಪಸ್ ಬಂತು, ಬೆರಳುಗಳಿಗೆ ಸ್ಪರ್ಶ ಬರಲಿಲ್ಲ. ಡಾಕ್ಟರಿಗೆ ತಿಳಿದರೆ ಗುಡ್ಡದಿಂದ ಇಳಿಸಿ ಕೆಳಗಿನ ಪೋಸ್ಟಿಂಗ್‌ಗೆ ಕಳಿಸುತ್ತಾರೆಂದು ಬಾಯಿ ಬಿಟ್ಟಿರಲಿಲ್ಲ. "ಅಪ್ಪಂಗೆ ಹೇಳ್ಬೇಡ," ಅಂದರು. ನಾನು ಹೇಳಲಿಲ್ಲ.

ಕೆಳಗೆ ಕಳಿಸಿದರೆ ಏನಾಯಿತು ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಕೆಳಗೆ ಕ್ವಾರ್ಟರ್ಸ್ ಕೊಡುತ್ತಿದ್ದರು, ನಾನೂ ಜೊತೆಗೆ ಹೋಗಬಹುದಿತ್ತು. ಅದನ್ನು ಕೇಳಿದಾಗಲೆಲ್ಲ ಅವರು ಹಿಮದ ವರ್ಣನೆಗೆ ಇಳಿಯುತ್ತಿದ್ದರು. ರಾತ್ರಿಯೆಲ್ಲ ಬಿದ್ದು ಬೆಳಗ್ಗೆ ಬಿಸಿಲು ಬಂದರೆ ಕಣ್ಣು ಬಿಡಲಾಗುವುದಿಲ್ಲವಂತೆ, ಹೆಜ್ಜೆ ಇಟ್ಟರೆ ಹೊಸ ಚಪ್ಪಲಿಯ ಹಾಗೆ ಕಿರ್ ಎನ್ನುತ್ತದಂತೆ. ನಮ್ಮೂರ ಆಕಾಶ ತೋರಿಸಿ, "ಇದೂ ಒಂದು ಚಳಿಗಾಲನಾ ಮಾರಾಯ್ತಿ? ಪಾತ್ರೆ ತೊಳೆದ ನೀರಿದ್ದಂಗಿದೆ," ಅನ್ನುತ್ತಿದ್ದರು. ಅದರಲ್ಲಿ ಸುಳ್ಳೇನಿರಲಿಲ್ಲ. ಹೊಳೆಯ ಮಂಜಿಗೆ ಚಿಮಣಿಯ ಹೊಗೆ ಸೇರಿ ಹತ್ತು ಗಂಟೆಯವರೆಗೂ ಊರು ಬೂದಿ ಬಣ್ಣದಲ್ಲೇ ಇರುತ್ತಿತ್ತು. ಒಗೆದ ಬಟ್ಟೆಯೂ ಅದೇ ಬಣ್ಣಕ್ಕೆ ತಿರುಗುತ್ತಿತ್ತು. ನಾನು ಅದರಲ್ಲೇ ಹುಟ್ಟಿ ಬೆಳೆದವಳು, ನನಗೆ ಅದೇ ಸಾಕಿತ್ತು.

ರಜೆ ಮುಗಿಯಲು ಹತ್ತು ದಿನ ಇದ್ದಾಗ ಇಬ್ಬರೂ ಬಸ್ಸು ಹಿಡಿದು ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಹೋದೆವು. ಹುಲಿ ಮಲಗಿತ್ತು, ಬಾಲವನ್ನೂ ಆಡಿಸಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಾ ಕೊನೆಯ ಸಲ ಕೇಳಿದೆ. "ಈ ಸಲ ಕೆಳಗೆ ಹಾಕಿಸ್ಕೊಳ್ಳಿ. ಕಾಲಿನ ವಿಷ್ಯ ಹೇಳಿ, ಸಾಕು. ನಾನೂ ಬರ್ತೀನಿ."

ಅವರು ಸಿಪ್ಪೆ ಊದಿದರು. "ಇಲ್ಲ. ನಂಗೆ ಅಲ್ಲಿನ ಚಳಿಗಾಲನೇ ಬೇಕು."

ನಾನು ಬೇಡ ಎಂದು ಅವರು ಹೇಳಲಿಲ್ಲ. ನನಗೆ ಕೇಳಿಸಿದ್ದು ಮಾತ್ರ ಹಾಗೆಯೇ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಬಂದೆ. ಕೋಪ ಬರಬೇಕಿತ್ತು, ಬರಲಿಲ್ಲ.

ಮಾರನೇ ಬೆಳಗ್ಗೆ ಮಾವ ಮೊದಲ ಪಾಳಿಗೆ ಹೋದರು. ನಾನು ಒಲೆ ಹಚ್ಚಿ ಇಟ್ಟಿಗೆ ಕಾಯಿಸಿದೆ, ಗೋಣಿ ಸುತ್ತಿದೆ, ಮಲಗಿದ್ದವರ ಕಾಲ ಬುಡಕ್ಕೆ ಇಟ್ಟು ಕಂಬಳಿ ಹೊದಿಸಿದೆ. ಪ್ರತಿದಿನ ಮಾವನಿಗೆ ಮಾಡುತ್ತಿದ್ದ ಕೆಲಸ, ಕೈ ತಾನಾಗಿ ಮಾಡಿತು. ಆಮೇಲೆ ಹಾಲಿನ ಬೂತಿಗೆ ಹೋದೆ. ಅಂದು ಹಾಲಿನ ಗಾಡಿ ತಡವಾಗಿ ಬಂತು. ಒಂದು ಗಂಟೆ ಕ್ಯೂನಲ್ಲಿ ನಿಂತಿದ್ದೆ.

ವಾಪಸ್ ಬಂದಾಗ ಬಾಗಿಲಲ್ಲೇ ವಾಸನೆ ಬಂತು. ಗೋಣಿ ಸರಿದುಹೋಗಿತ್ತು. ಇಟ್ಟಿಗೆ ಅವರ ಎಡಗಾಲಿನ ಬೆರಳುಗಳಿಗೆ ಅಂಟಿಕೊಂಡಿತ್ತು. ಅವರು ಮಗುವಿನಂತೆ ನಿದ್ದೆ ಮಾಡುತ್ತಿದ್ದರು. ಇಟ್ಟಿಗೆಯನ್ನು ಎಳೆದು ಹಾಕಿದ ಸದ್ದಿಗೆ ಕಣ್ಣು ಬಿಟ್ಟು, "ಟೀ ಆಯ್ತಾ?" ಅಂದರು.

ನಾನು ಕಿರುಚಲಿಲ್ಲ, ಅಳಲಿಲ್ಲ. ಕಾಲಿನ ಮೇಲೆ ನೀರು ಸುರಿದೆ. ಎರಡು ಬೆರಳು ಬೆಳ್ಳಗೆ, ಬೆಂದ ಗೆಣಸಿನ ಹಾಗೆ ಆಗಿದ್ದವು.

ಮಧ್ಯಾಹ್ನ ಮಾವ ಬಂದು ಕಾಲು ನೋಡಿದರು, ಇಟ್ಟಿಗೆ ನೋಡಿದರು. "ಕಾಲು ಎಳ್ಕೊಳ್ಳಿಲ್ವೇನೋ?" ಎಂದು ಮಗನನ್ನು ಕೇಳಿದರು.

"ನಿದ್ದೆ ಜೋರಿತ್ತಪ್ಪ," ಅಂದರು ಇವರು. ಮಾವ ಮನೆಯಲ್ಲಿದ್ದ ಇಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಹೊತ್ತುಕೊಂಡು ಹೋಗಿ ಹಿತ್ತಲಿನಾಚೆ ಎಸೆದರು. ತಮ್ಮ ಇಟ್ಟಿಗೆಯೇ ಮಗನ ಕಾಲು ತಿಂದಿತು ಎಂದು ಸಾಯುವವರೆಗೂ ನಂಬಿದ್ದರು. ಅದನ್ನು ತಿದ್ದಲು ನನಗೆ ಎಂಟು ವರ್ಷ ಸಮಯವಿತ್ತು, ನಾನು ತಿದ್ದಲಿಲ್ಲ.

ಗಾಯ ಕೀವಾಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಕೆಳಗಿನ ಪೋಸ್ಟಿಂಗ್ ಕೂಡ ಸಿಗಲಿಲ್ಲ, ಮುಂದಿನ ವರ್ಷ ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದರು. ಮಾವ ಹೋದ ಮೇಲೆ ನಾವು ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆ ಮನೆ ಮಾಡಿದೆವು. ಅವರಿಗೆ ಒಂದು ಬಟ್ಟೆ ಅಂಗಡಿಯಲ್ಲಿ ಕಾವಲಿನ ಕೆಲಸ. ನಾನು ಬೇಡಿಕೊಂಡದ್ದು ನನಗೆ ಸಿಕ್ಕಿತ್ತು, ಗಂಡ ದಿನವೂ ಮನೆಗೆ ಬರುತ್ತಿದ್ದರು. ಖುಷಿಯಾಗಬೇಕಿತ್ತು. ಅದೂ ಆಗಲಿಲ್ಲ.

ಅಲ್ಲಿಗೆ ಹೋದ ಮೊದಲ ಡಿಸೆಂಬರ್‌ನ ಒಂದು ಭಾನುವಾರ ಅವರು ಮೆಟ್ಟಿಲ ಮೇಲೆ ಕೂತು ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ನಾನು ಹತ್ತಿರದಲ್ಲೇ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದೆ. ತಲೆ ಎತ್ತದೆ ಕೇಳಿದರು.

"ಅವತ್ತು ನಿಂಗೆ ಕಾಲಿನ ವಿಷ್ಯ ನೆನಪಿತ್ತಾ?"

ಇದೇ ಪ್ರಶ್ನೆಯನ್ನು ನಾನು ಒಲೆ ಹಚ್ಚುವಾಗಲೆಲ್ಲ ನನಗೇ ಹಾಕಿಕೊಂಡಿದ್ದೆ. ಆ ಬೆಳಗಿಗೆ ಹೋಗಿ ನೋಡಿದರೆ ಒಲೆ ಕಾಣುತ್ತದೆ, ಗೋಣಿ ಕಾಣುತ್ತದೆ, ನನ್ನ ಕೈ ಕಾಣುತ್ತದೆ. ಮನಸ್ಸಿನಲ್ಲಿ ಏನಿತ್ತೆಂಬುದು ಮಾತ್ರ ಕಾಣುವುದಿಲ್ಲ.

"ಗೊತ್ತಿಲ್ಲ," ಅಂದೆ. "ಮರೆತಿದ್ದೆ ಅಂತ ಹೇಳೋಕೂ ಆಗ್ತಿಲ್ಲ."

ಅವರು ಬಯ್ಯುತ್ತಾರೆಂದು ಕಾದೆ. ಎದ್ದು ಒಂದು ಏಟು ಹೊಡೆದಿದ್ದರೂ ತೆಗೆದುಕೊಳ್ಳುತ್ತಿದ್ದೆ. ಅವರು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದರು.

"ಇರ್ಲಿ ಬಿಡು," ಅಂದರು. ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ.

ನನಗೆ ಆಗ, ಮದುವೆಯಾದ ಮೇಲೆ ಮೊದಲ ಸಲ, ಅವರ ಚಳಿಗಾಲ ಬೇಕೆನಿಸಿತು. ಬಿದ್ದರೆ ಬಿದ್ದದ್ದು ಗೊತ್ತಾಗುವಂಥದ್ದು, ಕೊರೆದರೆ ಕೊರೆದದ್ದು ಗೊತ್ತಾಗುವಂಥದ್ದು. ತಲೆ ಎತ್ತಿ ನೋಡಿದೆ. ಆಕಾಶ ಪಾತ್ರೆ ತೊಳೆದ ನೀರಿನಂತೆಯೇ ಇತ್ತು. ಅವರು ಸಾಕ್ಸ್ ಹಾಕಿಕೊಂಡು ಬಂದು ಮೊರದ ಆಚೆ ಬದಿಗೆ ಕೂತು, ಒಂದು ಹಿಡಿ ಅವರೆಕಾಯಿ ತಮ್ಮ ಕಡೆ ಎಳೆದುಕೊಂಡರು.