ಉಳಿಸಿಕೊಳ್ಳುವವರ ಪಟ್ಟಿ

ನನ್ನ ಬಾಯಿಗೆ ಬೀಗ ಇಲ್ಲ ಅಂತ ಹೆಂಡತಿ ಮದುವೆಯಾದ ವಾರದಿಂದಲೂ ಹೇಳುತ್ತಾ ಬಂದಿದ್ದಾಳೆ. ನಾನದನ್ನು ಹೊಗಳಿಕೆ ಅಂತಲೇ ತಗೊಂಡಿದ್ದೆ. ಮೈಸೂರಿನವನು, ನಾಲ್ಕು ಜನರ ಮಧ್ಯೆ ಕೂತರೆ ಎರಡು ಮಾತಾಡಿ ನಗಿಸೋಕೆ ಬರುತ್ತೆ, ಅದರಲ್ಲೇನು ತಪ್ಪು ಅಂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನೋ ಗಾದೆಯನ್ನು ಶಾಲೆಯಲ್ಲಿ ಹತ್ತು ಸಲ ಬರೆದವನೇ. ಬರೆದಿದ್ದು ಕೈ, ಬಾಯಿಗೆ ತಾಗಿರಲಿಲ್ಲ.

ಇಲ್ಲಿ ಓಮಾನಿನ ದಾರ್ಸೈಟಿನಲ್ಲಿ ನಮ್ಮ ಫ್ಲಾಟಿನ ಕೆಳಗೆ ಉಡುಪಿ ಕಡೆಯವರ ಒಂದು ಸಣ್ಣ ಹೋಟೆಲಿದೆ. ಶುಕ್ರವಾರ ಬೆಳಿಗ್ಗೆ ಅಲ್ಲಿ ಏಳೆಂಟು ಜನ ಕನ್ನಡದವರು ಸೇರುತ್ತಿದ್ದೆವು. ಬನ್ಸು, ಕರಕ್ ಚಹಾ, ಆಮೇಲೆ ಕ್ರಿಕೆಟ್. ಆಡೋದಲ್ಲ, ಮಾತಾಡೋದು. ನಮ್ಮೂರ ತಂಡವೊಂದಿದೆ, ಹೆಸರು ಬೇಡ, ಅದರ ಮೇಲೆ ನಮಗಿದ್ದ ಪ್ರೀತಿಯನ್ನು ಹೆಂಡತಿ ಮಕ್ಕಳ ಮೇಲೆ ತೋರಿಸಿದ್ದರೆ ಮನೆಗಳು ಬಂಗಾರವಾಗುತ್ತಿದ್ದವು. ಪ್ರತಿ ವರ್ಷ ನವೆಂಬರ್ ಹತ್ತಿರ ಬಂದಾಗ ತಂಡ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಅಂತ ನಾವು ಒಬ್ಬೊಬ್ಬರೂ ಪಟ್ಟಿ ಬರೆಯುತ್ತಿದ್ದೆವು. ತಟ್ಟೆಯ ಕೆಳಗೆ ಹಾಸಿದ ಕಾಗದವನ್ನೇ ಹರಿದು, ಹೋಟೆಲಿನ ಯಜಮಾನರ ಪೆನ್ನು ಇಸಕೊಂಡು ಬರೆಯೋದು. ಆಮೇಲೆ ಗಟ್ಟಿಯಾಗಿ ಓದೋದು, ಜಗಳವಾಡೋದು. ಯಾರ ಪಟ್ಟಿ ನಿಜವಾದ ಪಟ್ಟಿಗೆ ಹೆಚ್ಚು ಹತ್ತಿರವೋ ಅವರಿಗೆ ಒಂದು ತಿಂಗಳು ಚಹಾ ಬಿಟ್ಟಿ. ನನಗೆ ಮೂರು ವರ್ಷ ಬಿಟ್ಟಿ ಚಹಾ ಸಿಕ್ಕಿತ್ತು, ಅದರ ಜಂಬವೂ ಇತ್ತು.

ಆ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ಗೋಡೌನ್ ಅಣ್ಣ. ಕುಂದಾಪುರದ ಕಡೆಯವರು. ನಾನಿದ್ದ ಕಂಪನಿಯಲ್ಲೇ ಗೋಡೌನ್ ನೋಡಿಕೊಳ್ಳುತ್ತಿದ್ದರು. ನೀರಿನ ಪಂಪು, ಪೈಪು ಮಾರುವ ಕಂಪನಿ ಅದು. ರೂವಿಯಲ್ಲಿ ಅಂಗಡಿ ಮತ್ತು ಆಫೀಸು, ಇಬ್ರಾದಲ್ಲಿ ಒಂದು ಶಾಖೆ. ಅಣ್ಣ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದರು. ಯಾವ ಬೋಲ್ಟು ಯಾವ ಕಪಾಟಿನ ಎಷ್ಟನೇ ಸಾಲಿನಲ್ಲಿದೆ ಅಂತ ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ರಂಜಾನಿನಲ್ಲಿ, ಹಗಲು ಹೊರಗೆಲ್ಲೂ ಊಟ ಸಿಗದ ತಿಂಗಳಲ್ಲಿ, ಮನೆಯಿಂದ ಎರಡು ಡಬ್ಬಿ ತಂದು ಗೋಡೌನಿನ ಹಿಂದಿನ ಕೋಣೆಯಲ್ಲಿ ನನಗೊಂದು ಕೊಡುತ್ತಿದ್ದವರು ಅವರೇ. ಅವರಿಗೆ ಒಬ್ಬಳೇ ಮಗಳು. ಆ ವರ್ಷ ನಮ್ಮ ದಾರ್ಸೈಟಿನ ಶಾಲೆಯಲ್ಲೇ ಹನ್ನೆರಡನೇ ತರಗತಿಯಲ್ಲಿದ್ದಳು. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ.

ಆ ಶುಕ್ರವಾರ ದೊಡ್ಡ ಸುದ್ದಿ ಬಂದಿತ್ತು. ನಮ್ಮ ತಂಡವನ್ನು ಮಾರುತ್ತಾರಂತೆ, ಹೊಸ ಯಜಮಾನರು ಬರುತ್ತಾರಂತೆ. ಯಾರೋ ಕೊಲ್ಲಿಯ ಶೇಖ್ ತಗೋತಾನೆ ಅಂದ ಒಬ್ಬ, ಇಲ್ಲ ಮುಂಬೈಯವರು ಅಂದ ಇನ್ನೊಬ್ಬ. ತಂಡ ಯಾರದಾದರೇನು, ಬಾವುಟ ನಮ್ಮದು ಅಂತ ಒಂದು ಪಕ್ಷ. ಮಾಲೀಕ ಬದಲಾದರೆ ಹೆಸರು, ಬಣ್ಣ ಎಲ್ಲ ಬದಲಾಗುತ್ತೆ, ಆಮೇಲೆ ಯಾರಿಗೆ ಜೈ ಅನ್ನೋದು ಅಂತ ಇನ್ನೊಂದು ಪಕ್ಷ. ಹೋಟೆಲಿನ ಯಜಮಾನರು ಗಲ್ಲಾ ಬಿಟ್ಟು ಬಂದು ಜಗಳಕ್ಕೆ ಕೂತಿದ್ದರು.

ಆ ಬೆಳಿಗ್ಗೆ ನನ್ನ ತಲೆಯಲ್ಲಿ ಬೇರೆಯೇ ಒಂದು ಚಿಂತೆ ಇತ್ತು. ಎರಡು ದಿನದ ಹಿಂದೆ ನಮ್ಮ ಕಫೀಲ್, ಅಂದರೆ ನಮ್ಮೆಲ್ಲರ ವೀಸಾ ಯಾರ ಹೆಸರಲ್ಲಿತ್ತೋ ಆ ಓಮಾನಿ ಹಿರಿಯರು, ಕಂಪನಿಯನ್ನು ಮಾರುತ್ತಿರುವ ವಿಷಯ ಹೇಳಿದ್ದರು. ಅವರಿಗೆ ವಯಸ್ಸಾಗಿತ್ತು, ಮಕ್ಕಳಿಗೆ ಪಂಪಿನಲ್ಲಿ ಆಸಕ್ತಿ ಇರಲಿಲ್ಲ. ಕೊಳ್ಳುವವರು ಫೋನು ಮಾಡಿ, ಹದಿನಾರು ಜನರಲ್ಲಿ ಹತ್ತು ಜನರನ್ನು ಇಟ್ಟುಕೊಳ್ಳುತ್ತೇವೆ, ಆಡಳಿತ ನೋಡುವವರು ನೀವು, ಭಾನುವಾರದೊಳಗೆ ನೀವೇ ಪಟ್ಟಿ ಕೊಡಿ ಅಂದಿದ್ದರು. ಯಾರಿಗೂ ಹೇಳಬೇಡಿ ಅಂತಲೂ ಅಂದಿದ್ದರು. ನನಗೆ ನನ್ನದೇ ಭಯ. ಹೊಸಬರು ತಮ್ಮದೇ ಆಡಳಿತದವನನ್ನು ತಂದರೆ ನನ್ನ ಗತಿ ಏನು ಅಂತ. ಗಟ್ಟಿ ಮನಸ್ಸಿನವನು, ದಾಕ್ಷಿಣ್ಯ ಇಲ್ಲದವನು ಅಂತ ಅವರಿಗೆ ಅನ್ನಿಸಬೇಕು ಅಂತಲೇ ಎರಡು ದಿನದಿಂದ ಯೋಚಿಸುತ್ತಿದ್ದೆ.

ಹೋಟೆಲಿನಲ್ಲಿ ಪಟ್ಟಿ ಓದುವ ಹೊತ್ತು ಬಂತು. ನಮ್ಮ ತಂಡದಲ್ಲಿ ಒಬ್ಬ ಹಳೆಯ ಸ್ಪಿನ್ನರ್ ಇದ್ದ. ವಯಸ್ಸಾಗಿತ್ತು, ಹಿಂದಿನ ಸೀಸನ್ನಿನಲ್ಲಿ ಆಡಿದ್ದಕ್ಕಿಂತ ನೀರು ಹೊತ್ತದ್ದೇ ಹೆಚ್ಚು. ಎಲ್ಲರ ಪಟ್ಟಿಯಲ್ಲೂ ಅವನು ಔಟು. ಗೋಡೌನ್ ಅಣ್ಣನ ಪಟ್ಟಿಯಲ್ಲಿ ಮಾತ್ರ ಮೊದಲ ಹೆಸರೇ ಅವನದು. ಎಲ್ಲರೂ ನಕ್ಕರು. ಅಣ್ಣ ಸಾಮಾನ್ಯವಾಗಿ ವಾದ ಮಾಡುವವರಲ್ಲ, ನಕ್ಕು ಬಿಡುವವರು. ಅವತ್ತು ಬಿಡಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು, ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡಿ ಹೇಳಿದರು.

"ಯಜಮಾನ ಯಾರು ಬೇಕಾದ್ರೂ ಆಗ್ಲಿ ಮಾರಾಯ್ರೆ. ಅವನನ್ನು ಇನ್ನೊಂದು ಸೀಸನ್ ಇಟ್ಕೊಳ್ಬೇಕು. ಒಂದೇ ಸೀಸನ್. ಮತ್ತೆ ಅವನೇ ಮರ್ಯಾದೆಯಲ್ಲಿ ಹೋಗ್ತಾನೆ."

ನನಗೆ ಹುರುಪು ಬಂತು. ಜನ ಇದ್ದರು, ಚಹಾ ಬಿಸಿ ಇತ್ತು. "ಅಣ್ಣ, ಹೊಸಬರು ತಂಡ ತಗೊಳ್ಳೋದು ಆಟ ಗೆಲ್ಲೋಕೆ, ಅನ್ನಛತ್ರ ನಡೆಸೋಕಲ್ಲ" ಅಂದೆ. ಮೇಜು ಪೂರ್ತಿ ನಕ್ಕಿತು. ಅಷ್ಟಕ್ಕೇ ಬಿಟ್ಟೆನಾ, ಇಲ್ಲ. ಹಳಬರು ಅಂತ ಇಟ್ಟುಕೊಂಡರೆ ಅವರು ತಾವೂ ಆಡೋಲ್ಲ, ಆಡುವವರ ಜಾಗವನ್ನೂ ಬಿಡೋಲ್ಲ, ಅಂಥವರಿಗೆ ಒಂದು ಹಾರ ಹಾಕಿ, ಕೈಮುಗಿದು ಕಳಿಸಬೇಕು, ಖಲಾಸ್, ಅಂತ ಭಾಷಣ ಮಾಡಿದೆ. ಹಾರ ಹಾಕುವ ನಟನೆಯನ್ನೂ ಮಾಡಿ ತೋರಿಸಿದೆ.

ಅಣ್ಣ ನಗಲಿಲ್ಲ. "ಪಟ್ಟಿ ನಿಮ್ಮ ಕೈಯಲ್ಲೇ ಇದ್ರೆ, ನೀವು ಅವನನ್ನು ಬಿಡ್ತಿದ್ರಾ?" ಅಂತ ಕೇಳಿದರು.

"ಕಣ್ಣುಮುಚ್ಚಿ ಬಿಡ್ತಿದ್ದೆ" ಅಂದೆ.

ಅವರು ತಮ್ಮ ಪಟ್ಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಬನ್ಸು ಅರ್ಧ ಉಳಿದಿತ್ತು. ಮಗಳಿಗೆ ಟ್ಯೂಷನ್ ಇದೆ, ಬಿಟ್ಟು ಬರಬೇಕು ಅಂತ ಹೇಳಿ ಎದ್ದು ಹೋದರು.

ಭಾನುವಾರ ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಪಟ್ಟಿ ಮಾಡಿದೆ. ಗೋಡೌನಿಗೆ ಬಾರ್‌ಕೋಡ್ ಯಂತ್ರ ತರುತ್ತೇವೆ ಅಂತ ಕೊಳ್ಳುವವರು ಹೇಳಿದ್ದರು. ಅಣ್ಣನಿಗೆ ಐವತ್ತೇಳು. ಅವರ ಹೆಸರಿನ ಹತ್ತಿರ ಬಂದಾಗ ಕೈ ನಿಂತಿತು ಅಂತ ಬರೆದರೆ ಸುಳ್ಳಾಗುತ್ತೆ. ನಿಲ್ಲಲಿಲ್ಲ. ಶುಕ್ರವಾರ ಬಾಯಲ್ಲಿ ಆಡಿದ್ದ ಮಾತು ಭಾನುವಾರ ಸಲೀಸಾಗಿ ಕೈಗೆ ಬಂತು. ಮಗಳ ಪರೀಕ್ಷೆ ನೆನಪಾಗಲಿಲ್ಲವಾ ಅಂದರೆ, ಆಯಿತು. ಏನೋ ಒಂದು ದಾರಿ ಮಾಡಿಕೊಳ್ಳುತ್ತಾರೆ, ಇಷ್ಟು ವರ್ಷ ಇದ್ದವರಲ್ಲವಾ ಅಂದುಕೊಂಡು ಮುಂದಿನ ಹೆಸರಿಗೆ ಹೋದೆ. ಸಂಜೆ ಹೆಂಡತಿಗೆ, ಕೊಳ್ಳುವವರು ಬಿಡುವವರ ಪಟ್ಟಿ ಕಳಿಸಿದ್ದಾರೆ, ಪಾಪ ಅಣ್ಣನ ಹೆಸರೂ ಇದೆ ಅಂದೆ.

ಮುಂದಿನ ವಾರ ಆರು ಜನರ ಕೈಗೆ ಕಾಗದ ಹೋಯಿತು. ಒಂದು ತಿಂಗಳ ನೋಟಿಸು. ಅಣ್ಣನ ವೀಸಾ ಹೋದರೆ ಹೆಂಡತಿ, ಮಗಳ ವೀಸಾನೂ ಹೋಗುತ್ತೆ, ಅಂದರೆ ಪರೀಕ್ಷೆಗೆ ಮೂರು ತಿಂಗಳು ಮೊದಲೇ ಮೂವರೂ ಊರಿಗೆ. ಅವರು ಕಾಗದ ತಗೊಂಡು ಕನ್ನಡಕ ಹಾಕಿ ಓದಿ, ಸಹಿ ಎಲ್ಲಿ ಮಾಡಬೇಕು ಸರ್ ಅಂತ ಕೇಳಿದರು. ಆಫೀಸಿನಲ್ಲಿ ಅವರು ನನ್ನನ್ನು ಯಾವತ್ತೂ ಸರ್ ಅಂತಲೇ ಕರೆಯುತ್ತಿದ್ದರು, ಅವತ್ತು ಮಾತ್ರ ಅದು ಚುಚ್ಚಿತು.

ಮಾರಾಟದ ಕೊನೆಯ ಕಾಗದಗಳಿಗೆ ಸಹಿ ಹಾಕಿಸಲು ನಾನು ನಿಜ್ವಾಕ್ಕೆ ಹೋದೆ. ಕಫೀಲರ ಮನೆ ಅಲ್ಲಿ, ಖರ್ಜೂರದ ತೋಟದ ಪಕ್ಕ. ಅವರು ಖಾವಾ ಕಾಫಿ ಬಗ್ಗಿಸಿ, ಖರ್ಜೂರದ ತಟ್ಟೆ ಮುಂದಿಟ್ಟು, ತಮ್ಮ ಹಿಂದಿಯಲ್ಲಿ ನಿಧಾನವಾಗಿ ಮಾತಾಡಿದರು. ಕಂಪನಿ ಮಾರುವಾಗ ಕೊಳ್ಳುವವರಿಗೆ ಅವರು ಒಂದು ಷರತ್ತು ಹಾಕಿದ್ದರಂತೆ, ನಾನು ಹೇಳುವ ಒಬ್ಬನನ್ನು ನೀವು ತೆಗೆಯಬಾರದು ಅಂತ. ಆ ಒಬ್ಬ ಯಾರು ಅಂತ ತೀರ್ಮಾನಿಸಲು ಆಗದೆ, ಎಲ್ಲರಿಗಿಂತ ಹಳಬನಾದ ಗೋಡೌನ್ ಅಣ್ಣನಿಗೆ ವಿಷಯ ತಿಳಿಸಿ, ನೀನೇ ಒಂದು ಹೆಸರು ಹೇಳು ಅಂದಿದ್ದರಂತೆ. ಅಣ್ಣ ನನ್ನ ಹೆಸರು ಹೇಳಿದ್ದರು. ಅವನ ಮಕ್ಕಳು ಚಿಕ್ಕವರು, ಈಗ ತಾನೇ ಶಾಲೆಗೆ ಹಾಕಿದ್ದಾನೆ ಅಂತ ಹೇಳಿದರಂತೆ. ಇದೆಲ್ಲ ಆದದ್ದು ನನಗೆ ಸುದ್ದಿ ತಿಳಿಯುವ ಒಂದು ವಾರ ಮೊದಲು.

ಅಂದರೆ ಆ ಶುಕ್ರವಾರ ಅಣ್ಣನಿಗೆ ಎಲ್ಲ ಗೊತ್ತಿತ್ತು. ಸ್ಪಿನ್ನರ್ ಯಾರು, ಸೀಸನ್ ಯಾವುದು ಅಂತ ನನಗೆ ಆಗ ಗೊತ್ತಾಯಿತು. ಕಫೀಲ್ ಕೊನೆಗೆ ಒಂದೇ ಮಾತು ಕೇಳಿದರು, ಅವನನ್ನು ಬಿಡುವ ಪಟ್ಟಿಗೆ ಹಾಕಿದವರು ಯಾರು ಅಂತ. ಕೊಳ್ಳುವವರು ಅಂದೆ. ಥೂ, ಎಂಥ ಜನ್ಮ ಅನ್ನಿಸಿತು.

ದಾರಿಯಲ್ಲಿ ಕಾರು ನಿಲ್ಲಿಸಿ ಕೊಳ್ಳುವವರ ಕಡೆಯವನಿಗೆ ಫೋನು ಮಾಡಿದೆ. ಒಂದು ಹೆಸರು ಬದಲಾಯಿಸಬೇಕಿತ್ತು ಅಂದೆ. ಧಾರಾಳವಾಗಿ, ಅವನ ಬದಲಿಗೆ ಯಾರನ್ನು ತೆಗೆಯೋಣ ಹೇಳಿ ಅಂದ. ಒಂಬತ್ತು ಹೆಸರು ಕಣ್ಣ ಮುಂದೆ ಬಂದವು, ಹತ್ತನೆಯದು ನನ್ನದು. ಆಮೇಲೆ ಹೇಳುತ್ತೇನೆ ಅಂತ ಫೋನು ಇಟ್ಟೆ. ಆಮೇಲೆ ಹೇಳಲಿಲ್ಲ.

ಅಲ್ಲಿಂದ ನೇರ ಗೋಡೌನಿಗೆ ಹೋದೆ. ಅಣ್ಣ ಹೊಸಬರಿಗೆ ಅನುಕೂಲವಾಗಲಿ ಅಂತ ಕಪಾಟುಗಳಿಗೆ ಚೀಟಿ ಅಂಟಿಸುತ್ತಿದ್ದರು. ನಾನು ಕ್ಷಮಿಸಿ ಅನ್ನಬೇಕಿತ್ತು. ಅದರ ಬದಲು, ನಾಚಿಕೆಯನ್ನು ಸಿಟ್ಟು ಮಾಡಿಕೊಂಡು ಅವರ ಮೇಲೇ ಹರಿಹಾಯ್ದೆ. ಕಫೀಲ್ ಕೇಳಿದಾಗ ನಿಮ್ಮ ಹೆಸರೇ ಹೇಳೋದಕ್ಕೆ ಏನಾಗಿತ್ತು, ಬಾಯಿ ಇರಲಿಲ್ಲವಾ ಅಂದೆ.

ಅವರು ಚೀಟಿಯ ಅಂಟನ್ನು ಹೆಬ್ಬೆರಳಿನಿಂದ ಒತ್ತಿ, "ನನ್ನ ಹೆಸರು ನಾನೇ ಹೇಳ್ಲಿಕ್ಕೆ ನಾಚಿಕೆ ಆಗುದಿಲ್ವಾ ಮಾರಾಯ್ರೆ? ಮತ್ತೆ ಆಫೀಸಿನ ಪಟ್ಟಿ ಎಲ್ಲ ಬರೆಯುದು ನೀವಲ್ವಾ. ನೀವು ಇದ್ದೀರಲ್ಲ ಅಂತ ಧೈರ್ಯ ಇತ್ತು" ಅಂದರು.

ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ. ಚಹಾ ಕುಡೀತೀರಾ ಅಂತ ಕೇಳಿದರು, ಬೇಡ ಅಂತ ಓಡಿ ಬಂದೆ.

ಡಿಸೆಂಬರಿನಲ್ಲಿ ಅವರು ಹೊರಟರು. ಶಾಲೆಯವರು, ಹುಡುಗಿಯ ಹೆಸರು ಬೋರ್ಡಿಗೆ ಹೋಗಿಯಾಗಿದೆ, ವಿಸಿಟ್ ವೀಸಾದಲ್ಲಿ ಬಂದು ಇಲ್ಲೇ ಪರೀಕ್ಷೆ ಬರೆಯಬಹುದು ಅಂದಿದ್ದರು. ಆದರೆ ಉಳಿದುಕೊಳ್ಳೋದು ಎಲ್ಲಿ? ನಮ್ಮ ಮನೆಯಿಂದ ಶಾಲೆ ನಡೆದು ಹೋಗುವಷ್ಟು ಹತ್ತಿರ. ಮಗಳನ್ನು ನಮ್ಮಲ್ಲಿಗೇ ಕಳಿಸಿ ಅಂತ ಹೆಂಡತಿ ಅಣ್ಣನ ಹೆಂಡತಿಗೆ ಫೋನು ಮಾಡಿ ಹೇಳಿಬಿಟ್ಟಿದ್ದಳು, ನನ್ನನ್ನು ಕೇಳಲೂ ಇಲ್ಲ. ಕೇಳುವುದೇನಿದೆ, ನಿಮಗೆ ಅವರು ಅಣ್ಣನ ಹಾಗಲ್ಲವಾ ಅಂದಳು. ಅಲ್ಲ ಅನ್ನಲು ನನಗೆ ಯಾವ ಬಾಯಿ?

ಹುಡುಗಿ ಫೆಬ್ರವರಿಯಲ್ಲಿ ಬಂದಳು. ಅವಳ ಚೀಲದಲ್ಲಿ ನನಗಂತ ಅವಳ ಅಮ್ಮ ಕೊಟ್ಟ ಮಿಡಿ ಉಪ್ಪಿನಕಾಯಿ ಇತ್ತು. ನಮ್ಮ ಊಟದ ಮೇಜಿನ ತುಂಬ ಅವಳ ಪುಸ್ತಕ. ನನ್ನ ಮಕ್ಕಳು ಗಲಾಟೆ ಮಾಡಿದರೆ ನಾನು ಗದರುವ ಮೊದಲೇ, ಪರವಾಗಿಲ್ಲ ಅಂಕಲ್ ಅನ್ನುತ್ತಿದ್ದಳು. ಬೆಳಿಗ್ಗೆ ಪರೀಕ್ಷೆಗೆ ಹೊರಡುವಾಗ ನನ್ನ ಕಾಲಿಗೂ ಬಗ್ಗಿ ನಮಸ್ಕಾರ ಮಾಡುತ್ತಿದ್ದಳು. ಬೇಡಮ್ಮ ಬೇಡ ಅಂತ ಹಿಂದೆ ಸರಿದರೆ, ದೊಡ್ಡವರು ಸಂಕೋಚಪಡುತ್ತಿದ್ದಾರೆ ಅಂದುಕೊಂಡು ನಗುತ್ತಿದ್ದಳು. ಆ ಒಂದೂವರೆ ತಿಂಗಳು ನಾನು ಶುಕ್ರವಾರ ಹೋಟೆಲಿಗೆ ಇಳಿಯಲಿಲ್ಲ. ತಂಡದ ಮಾಲೀಕರು ಬದಲಾದರೋ ಇಲ್ಲವೋ, ಆ ಸ್ಪಿನ್ನರ್ ಏನಾದನೋ ವಿಚಾರಿಸಲೂ ಇಲ್ಲ. ಆ ವರ್ಷದ ಚಹಾ ಯಾರು ಗೆದ್ದರೋ ಗೊತ್ತಿಲ್ಲ.

ಕೊನೆಯ ಪರೀಕ್ಷೆ ಮುಗಿಸಿ ಬಂದ ದಿನ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮರುದಿನ ಅವಳ ವಿಮಾನ. ಹೆಂಡತಿ ಪಾಯಸ ಮಾಡಿದ್ದಳು. ಪರೀಕ್ಷೆ ಚೆನ್ನಾಗಾಗಿದೆ ಅಂತ ಹೇಳುತ್ತಿದ್ದವಳು ಚಮಚ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಅಂಕಲ್, ಪಪ್ಪ ಎಲ್ಲರ ಹತ್ರ ಹೇಳ್ತಾರೆ. ಅವರನ್ನು ಕೆಲಸದಲ್ಲಿ ಉಳಿಸ್ಲಿಕ್ಕೆ ನೀವು ತುಂಬ ಟ್ರೈ ಮಾಡಿದ್ರಿ, ಆದ್ರೆ ಪಟ್ಟಿ ನಿಮ್ಮ ಕೈಯಲ್ಲಿ ಇರ್ಲಿಲ್ಲ ಅಂತ. ನಾನು ಥ್ಯಾಂಕ್ಸ್ ಹೇಳ್ಲೇ ಇಲ್ಲ. ಥ್ಯಾಂಕ್ಯೂ ಅಂಕಲ್."

ಹೆಂಡತಿ ಕಣ್ಣೊರೆಸಿಕೊಂಡಳು. ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಹೇಳಬೇಕಾದ ಮಾತು ಒಂದೇ ಒಂದಿತ್ತು, ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತೂ ಇರಲಿಲ್ಲ. ಬಾಯಿಗೆ ಬೀಗ ಇಲ್ಲದವನು ನಾನು.

ಹೂಂ ಅಂದೆ. ಅಂದು, ಇನ್ನೊಂದು ಸ್ವಲ್ಪ ಪಾಯಸ ಹಾಕ್ಕೋಮ್ಮ ಅಂತ ಪಾತ್ರೆಯನ್ನು ಅವಳ ಕಡೆ ಸರಿಸಿದೆ.