ಅರಿಶಿಣ ಹಚ್ಚಿದ ಎಳೆ ಕೋಳಿ

ನಮ್ಮ ಹಿತ್ತಲಲ್ಲಿ ಆರು ಹಳೆಯ ಕೋಳಿಗಳಿದ್ದವು. ಒಂದು ದೊಡ್ಡ ಕೆಂಪು ಕೋಳಿ ಅವುಗಳ ಯಜಮಾನಿ. ಅದು ಕಾಳು ತಿಂದು ಮುಗಿಸುವ ತನಕ ಉಳಿದವು ದೂರ ನಿಲ್ಲಬೇಕು. ಮೂರು ಸಲ ಕಾವು ಕೂತು ಮರಿ ಎಬ್ಬಿಸಿದ ಕೋಳಿಯೆಂದು ಅವ್ವನಿಗೆ ಅದರ ಮೇಲೆ ಜೀವ. ಹೋದ ವರ್ಷ ನಾನು ಹಿರೇಕೆರೂರು ಸಂತೆಯಿಂದ ನಾಲ್ಕು ಎಳೆ ಕೋಳಿಗಳನ್ನು ತಂದೆ.

ಅವ್ವ ಹಿತ್ತಲ ನಡುವೆ ದೊಡ್ಡ ಬಿದಿರಿನ ಹೆಡಗಿಯನ್ನು ಬೋರಲು ಹಾಕಿ ಅವುಗಳನ್ನು ಮುಚ್ಚಿದಳು. "ಐದಾರು ದಿನ ಹಿಂಗ ಇರ್ಲಿ. ಹೆಡಗಿ ಸಂದ್ಯಾಗಿಂದ ಒಂದಕ್ಕೊಂದು ಮಾರಿ ನೋಡಿ ರೂಢಿ ಆಗ್ತಾವು."

ನನಗೆಲ್ಲಿಯ ತಾಳ್ಮೆ! ಮರುದಿನ ಅವ್ವ ಹೊಲಕ್ಕೆ ಹೋದದ್ದೇ ತಡ, ಏನಾಗುತ್ತದೋ ನೋಡೋಣವೆಂದು ಹೆಡಗಿ ಎತ್ತಿಬಿಟ್ಟೆ. ಕೆಂಪು ಕೋಳಿ ಕತ್ತಿನ ಗರಿ ನಿಗುರಿಸಿಕೊಂಡು ಬಂದು ಬಿಳಿಯ ಎಳೆ ಕೋಳಿಯ ತಲೆಗೆ ಕುಕ್ಕಿತು. ರಕ್ತ ಬಂತು. ಅಯ್ಯೋ ಪಾಪ ಎಂದು, ಮನೆಯಲ್ಲಿ ಯಾರ ಬೆರಳು ಕೊಯ್ದುಕೊಂಡರೂ ಮಾಡುವಂತೆ, ಗಾಯಕ್ಕೆ ಅರಿಶಿಣ ಮೆತ್ತಿದೆ. ಆಮೇಲೆ ನಡೆದದ್ದು ನನಗೆ ಬಗೆಹರಿಯಲಿಲ್ಲ. ಅಲ್ಲಿಯವರೆಗೆ ಸುಮ್ಮನಿದ್ದವೂ ಸೇರಿ ಆರೂ ಅದರ ಬೆನ್ನು ಹತ್ತಿದವು. ಉಳಿದ ಮೂರು ಹೊಸಬರ ಗೋಜಿಗೆ ಒಂದೂ ಹೋಗಲಿಲ್ಲ. ಇದೊಂದರ ಮೇಲೇ ಯಾಕೆ ಇಷ್ಟು ಸಿಟ್ಟು?

ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಅಪ್ಪ ಬಂದ. ಕೆಂಪು ಕೋಳಿಯ ಕೊಕ್ಕಿನಲ್ಲಿ ರಕ್ತ ಕಂಡು ರೇಗಿಬಿಟ್ಟ. "ಆಯ್ತವಾರ ನಿಮ್ಮಕ್ಕನ್ನ ಕರ್ಕೊಂಡು ಅಳಿಯಾರು ಬರ್ತಾರ. ಅವತ್ತೂ ಇದು ಹಿಂಗ ಕುಕ್ಕಿದ್ರ ಕೊಯ್ದು ಸಾರು ಮಾಡೂದ!"

ಸಂಜೆ ಅವ್ವ ಗಾಯ ನೋಡಿ ತಲೆ ಚಚ್ಚಿಕೊಂಡಳು. "ಯವ್ವಾ, ಅರಿಶಿಣ ಹಚ್ಚೀಯಲ್ಲ! ಕೋಳಿ ಕಣ್ಣಿಗೆ ಅದು ಹಳದಿ ಗೋವಿನಜ್ವಾಳದ ಕಾಳು ಕಂಡಂಗ ಕಾಣ್ತೈತಿ." ಗಾಯ ತೊಳೆದು, ರೊಟ್ಟಿ ಹಂಚಿನ ಮಸಿಯನ್ನು ಬೇವಿನೆಣ್ಣೆಯಲ್ಲಿ ಕಲಸಿ, ಕೆಂಪು ಕಾಣದಂತೆ ಹಚ್ಚಿದಳು. ನಾಲ್ಕನ್ನೂ ಮತ್ತೆ ಮುಚ್ಚಿದಳು. ಅಪ್ಪನಿಗೆ ಮಾತ್ರ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಬೈಗುಳಕ್ಕೆ ಹೆದರಿ.

ದಿನಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಮೊದಲೆರಡು ದಿನ ಕೆಂಪು ಕೋಳಿ ಹೆಡಗಿಗೇ ಕುಕ್ಕಿತು. ನಾಲ್ಕನೆಯ ದಿನ ಅದರ ಪಕ್ಕದಲ್ಲೇ ಮಣ್ಣು ಕೆದರಿ ಹೊರಳಾಡಿತು. ಒಳಗಿನವೂ ಹೆದರಲಿಲ್ಲ.

ಆಯ್ತವಾರ ಬೆಳಿಗ್ಗೆ ಅವ್ವ ಹೆಡಗಿ ಎತ್ತಿದಳು. ಬಿಳಿಯದು ಕಾಳಿನ ಕಡೆ ಬಂತು. ಕೆಂಪು ಕೋಳಿ ಅದರ ಬೆನ್ನಿಗೆ ಒಂದೇ ಒಂದು ಸಲ ಕುಕ್ಕಿತು. ಬಿಳಿಯದು ಎರಡು ಹೆಜ್ಜೆ ಹಿಂದೆ ಸರಿದು ತನ್ನ ಸರದಿಗೆ ನಿಂತುಕೊಂಡಿತು. ಅಷ್ಟೇ, ಜಗಳ ಮುಗಿದಿತ್ತು. ಆದರೆ ಅಪ್ಪ ಚೂರಿ ಹಿಡಿದು ಎದ್ದೇಬಿಟ್ಟ. "ಕುಕ್ತಲ್ಲ ಮತ್ತ!"

ನಾನು ಓಡಿಹೋಗಿ ಅಡ್ಡ ನಿಂತೆ. "ಅಪ್ಪಾ, ಕೋಳಿ ತಪ್ಪಲ್ಲ. ಅವ್ವ ಬ್ಯಾಡಂದ್ರೂ ಮರುದಿನಾನ ಬಿಟ್ಟಾಕಿ ನಾನು. ಅರಿಶಿಣ ಹಚ್ಚಿ ಎಲ್ಲಾವೂ ಕುಕ್ಕೂವಂಗ ಮಾಡಿದಾಕೀನೂ ನಾನ."

ಅಪ್ಪ ಅವ್ವನ ಕಡೆ ತಿರುಗಿದ. "ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

ಅಪ್ಪ ನನ್ನನ್ನು ಒಂದು ಸಲ ದುರುಗುಟ್ಟಿ ನೋಡಿ, ಚೂರಿಯನ್ನು ಒಳಗಿಟ್ಟ. "ಅಳಿಯಾರಿಗೆ ತತ್ತಿ ಸಾರು ಸಾಕು."

ಅಡುಗೆಮನೆಯಲ್ಲಿ ಅವ್ವನನ್ನು ಕೇಳಿದೆ. "ಗೊತ್ತಿದ್ದೂ ಯಾಕ ಸುಮ್ನಿದ್ದಿ? ನಾ ಹೇಳದ ಇದ್ದಿದ್ರ?"

ಅವ್ವ ತತ್ತಿ ಸುಲಿಯುತ್ತಲೇ ಹೇಳಿದಳು. "ನಿಮ್ಮಪ್ಪ ಕೊಯ್ಯೂವಾಗ ಅದರ ಕಾಲು ಹಿಡಿಯಾಕ ನಿನ್ನ ಕರಿತಿದ್ದೆ."