ಅತ್ತೆಯ ವ್ರತ, ನನ್ನ ಬಸ್ಸಾರು

ಬೇಯಿಸಿದ ದಂಟಿನ ಸೊಪ್ಪಿನ ನೀರನ್ನು ನಮ್ಮತ್ತೆ ಸಿಂಕಿಗೆ ಬಗ್ಗಿಸುತ್ತಿದ್ದುದನ್ನು ಕಂಡ ದಿನ ನನ್ನ ಅನುಮಾನ ಶುರುವಾಯಿತು. ನಾನು ಮಂಡ್ಯ ಕಡೆಯ ಬೇಸಾಯಗಾರರ ಮನೆಯವಳು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ನಮಗೆ ಅದೇ ಬಸ್ಸಾರು. ಬಸಿದುಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಆ ನೀರಲ್ಲೇ ಶಕ್ತಿಯೆಲ್ಲ ಇರುವುದು ಎಂದು ಅವ್ವ ಕುಡಿಸಿ ಬೆಳೆಸಿದವಳು ನಾನು. ಅದನ್ನು ಚೆಲ್ಲುವವರನ್ನು ಕಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಮದುವೆಯಾಗಿ ಗವಿಪುರದ ಈ ಮನೆಗೆ ಬಂದು ಆಗ ಒಂಬತ್ತು ವರ್ಷ. ನಮ್ಮಿಬ್ಬರದೂ ಬೇರೆ ಬೇರೆ ಜಾತಿ, ಪ್ರೀತಿಸಿ ಆದ ಮದುವೆ. ಮೊದಲ ಸಲ ನಾನು ಬಸ್ಸಾರು ಮಾಡಿದಾಗ ಅತ್ತೆ, "ಬೆಳ್ಳುಳ್ಳಿ ಸ್ವಲ್ಪ ಕಮ್ಮಿ ಹಾಕಮ್ಮ" ಎಂದಷ್ಟೇ ಹೇಳಿ ಉಂಡರು. ಮುಂದಿನ ವರ್ಷದ ಹೊತ್ತಿಗೆ ತಾವೇ ಗಾಂಧಿಬಜಾರಿಗೆ ಹೋಗಿ, ಆ ಕಾಲಕ್ಕೆ ಯಾವ ಸೊಪ್ಪು ಎಳೆಯದಾಗಿ ಬಂದಿದೆಯೋ ಅದನ್ನು ತಂದು ನನ್ನ ಮುಂದೆ ಇಡುತ್ತಿದ್ದರು. ಜಾತಿಯ ಮಾತು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಬರಲಿಲ್ಲವಲ್ಲ ಎಂಬುದೇ ನನಗೆ ಒಳಗೊಳಗೇ ಅಂಜಿಕೆ. ಎಂದಾದರೊಂದು ದಿನ ಬಂದೇ ಬರುತ್ತದೆ ಎಂದು ಕಾಯುತ್ತಿದ್ದೆ.

ಆ ವರ್ಷದ ಆಷಾಢದಲ್ಲಿ ಅತ್ತೆ ಅಟ್ಟದಿಂದ ಒಂದು ಪುಟ್ಟ ಪಾತ್ರೆ ಇಳಿಸಿಕೊಂಡರು.

"ಚಾತುರ್ಮಾಸ್ಯ ಕಣೇ. ಈ ಸಲ ವ್ರತ ಹಿಡಿದಿದೀನಿ. ನಂದು ನಾನೇ ಬೇಯಿಸ್ಕೋತೀನಿ."

ಒಂಬತ್ತು ವರ್ಷದಲ್ಲಿ ಇಲ್ಲದ ವ್ರತ. ಅದೇ ಸಮಯಕ್ಕೆ ತಿಂಗಳಿಗೊಮ್ಮೆ ಮಲ್ಲೇಶ್ವರದಲ್ಲಿ ಭಜನೆ ಎಂದು ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವುದೂ ಆರಂಭವಾಗಿತ್ತು. ನಾನು ಎರಡನ್ನೂ ಗಂಟು ಹಾಕಿದೆ. ಅಲ್ಲಿ ಯಾರೋ ಮಡಿ ಹೆಂಗಸರು ತಲೆ ಕೆಡಿಸಿದ್ದಾರೆ, ಈಗ ನನ್ನ ಕೈ ಅಡುಗೆ ಬೇಡವಾಗಿದೆ. ನಾನು ಸ್ಕೂಲ್ ಟೀಚರ್. ಪರೀಕ್ಷೆ ಕೋಣೆಯಲ್ಲಿ ಚೀಟಿ ಹಿಡಿಯುವ ಕಣ್ಣು ಮನೆಗೆ ಬಂದಮೇಲೂ ಸುಮ್ಮನಿರುವುದಿಲ್ಲ. ಅತ್ತೆಯ ತಟ್ಟೆಯ ಮೇಲೆ ಕಾವಲು ಕೂತೆ.

ಗಂಡನಿಗೆ ಹೇಳಿದರೆ, "ವಯಸ್ಸಾಯ್ತು, ಮಾಡ್ಕೊಳ್ಳಿ ಬಿಡೇ. ಎಲ್ಲಕ್ಕೂ ನಿಂದೊಂದು ತನಿಖೆ" ಎಂದ.

ತನಿಖೆ ಬಿಡಲಿಲ್ಲ. ಪಕ್ಕದ ಮನೆಯ ಅಜ್ಜಿ ಪ್ರತಿವರ್ಷ ಈ ವ್ರತ ಹಿಡಿಯುವವರು. ಹೂವು ಕೊಡುವ ನೆಪದಲ್ಲಿ ಹೋಗಿ ಕೇಳಿದೆ.

"ಮೊದಲನೇ ತಿಂಗಳು ಶಾಕವ್ರತ. ಸೊಪ್ಪು ತರಕಾರಿ ಏನೂ ತಿನ್ನೋ ಹಾಗಿಲ್ಲ. ಬೇಳೇಲೇ ಕಾಲ ಹಾಕ್ಬೇಕು" ಎಂದರು ಅಜ್ಜಿ. "ಬೇಳೆಕಾಳು ಬಿಡೋದು ಕೊನೇ ತಿಂಗಳು. ಯಾಕಮ್ಮಾ, ನೀನೂ ಹಿಡಿತೀಯಾ?"

ನನ್ನ ಕಿವಿ ನೆಟ್ಟಗಾಯಿತು. ನಮ್ಮತ್ತೆ ಮೊದಲ ತಿಂಗಳೇ ಬೇಳೆ ಬಿಟ್ಟು, ನೀರು ಬಸಿದ ತರಕಾರಿ ತಿನ್ನುತ್ತಿದ್ದರು. ಅಂದರೆ ವ್ರತವೇ ಸುಳ್ಳು! ನನ್ನ ಕೈಯಿಂದ ದೂರ ಇರಲು ದೇವರನ್ನು ಅಡ್ಡ ತಂದಿದ್ದಾರೆ. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆದರೂ ಬಾಯಿ ಬಿಡಲಿಲ್ಲ. ವ್ರತ ಮುಗಿಯುವ ದಿನ ಬರಲಿ, ಆಗ ಯಾವ ನೆಪ ತೆಗೆಯುತ್ತಾರೋ ನೋಡೋಣ ಎಂದು ಹಲ್ಲು ಕಚ್ಚಿ ಕಾದೆ.

ಕಾರ್ತಿಕದಲ್ಲಿ ತುಳಸಿಪೂಜೆ ಆಯಿತು. ಪಕ್ಕದ ಮನೆಯ ಅಜ್ಜಿ ವ್ರತ ಮುಗಿಸಿ ಊಟಕ್ಕೆ ಕರೆದರು. ನಮ್ಮತ್ತೆಯ ಪುಟ್ಟ ಪಾತ್ರೆ ಮಾತ್ರ ಒಲೆ ಇಳಿಯಲಿಲ್ಲ. ಅಷ್ಟರಲ್ಲಿ ಸೊಗಡಿನ ಅವರೆಕಾಯಿ ಬಂತು. ಅವರೆ ಎಂದರೆ ಪ್ರಾಣ ಬಿಡುವ ಅತ್ತೆ ಶನಿವಾರ ಸಂಜೆ ನನ್ನೊಂದಿಗೆ ಕೂತು ಕಾಯಿ ಸುಲಿದು, ನೆನೆಹಾಕಿ, ಭಾನುವಾರ ಬೆಳಿಗ್ಗೆ ಒಂದೊಂದನ್ನೇ ಹಿದುಕಿ ಕೊಟ್ಟರು. ನಾನು ತೆಂಗಿನಕಾಯಿ ರುಬ್ಬಿ ಹಾಕಿ ಸಾರು ಮಾಡಿದೆ. ಊಟಕ್ಕೆ ಕೂತಾಗ ಸೌಟು ಅವರ ತಟ್ಟೆಯ ಹತ್ತಿರ ಹೋಗುತ್ತಲೇ ಕೈ ಅಡ್ಡ ಹಿಡಿದರು.

"ನಂಗೆ ಬೇಡಮ್ಮ."

"ಈಗ ಯಾವ ವ್ರತ ಅತ್ತೆ?" ನನ್ನ ದನಿ ಏರಿತ್ತು. "ನಾನ್ ಮಾಡಿದ್ದು ತಿಂದ್ರೆ ಮೈಲಿಗೆ ಆಗತ್ತೆ ಅಂತ ನೇರವಾಗಿ ಹೇಳ್ಬಿಡಿ. ಐದು ತಿಂಗಳಿಂದ ನೋಡ್ತಿದೀನಿ."

ಗಂಡ ತುತ್ತು ಹಿಡಿದುಕೊಂಡು ಹಾಗೇ ಕೂತ. ಅತ್ತೆ ಎದ್ದರು. ಕೈ ತೊಳೆದು, ದೇವರಮನೆಯ ಪಂಚಾಂಗದೊಳಗಿಂದ ಮಡಿಸಿದ ಕಾಗದ ತಂದು ನನ್ನ ಕೈಗಿಟ್ಟರು. ಆಸ್ಪತ್ರೆಯ ಕಾಗದ. ಕಿಡ್ನಿ ಸೋತಿದೆ ಎಂದಿತ್ತು. ಕೆಳಗೆ ಯಾರೋ ಕನ್ನಡದಲ್ಲಿ ಬರೆದುಕೊಟ್ಟಿದ್ದರು: ಉಪ್ಪು ಕಡಿಮೆ, ಬೇಳೆಕಾಳು ಕಡಿಮೆ, ಸೊಪ್ಪು ತರಕಾರಿ ಬೇಯಿಸಿ ನೀರು ಚೆಲ್ಲಬೇಕು. ಭಜನೆ ಎಲ್ಲಿ ನಡೆಯುತ್ತಿತ್ತೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ಮಾರನೇ ದಿನದಿಂದ್ಲೇ ಮನೆಮಂದಿಗೆಲ್ಲ ಸಪ್ಪೆ ಊಟ ಹಾಕ್ತಿದ್ದೆ ನೀನು. ನಿನ್ನ ಸ್ವಭಾವ ನಂಗೊತ್ತಿಲ್ವೇನೇ?" ಎಂದರು. ಸಿಟ್ಟಿರಲಿಲ್ಲ, ನಾಚಿಕೊಂಡವರ ಹಾಗೆ ತಟ್ಟೆ ನೋಡುತ್ತಿದ್ದರು. "ತಿನ್ನೋಕಂತೂ ಆಗಲ್ಲ. ನೀನು ಬಸ್ಸಾರಿಗೆ ಒಗ್ಗರಣೆ ಹಾಕೋ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಬಂದು ನಿಂತ್ಕೋತಿದ್ದೆ. ಆ ವಾಸನೆ ಸಾಕಾಗಿತ್ತು."

ಅವರು ಬಂದು ನಿಲ್ಲುತ್ತಿದ್ದುದು ನನಗೆ ಗೊತ್ತಿತ್ತು. ನಾನೇನು ಮುಟ್ಟುತ್ತೇನೆ, ಏನು ಬೆರೆಸುತ್ತೇನೆ ಎಂದು ಕಾಯಲು ಬರುತ್ತಾರೆ ಎಂದುಕೊಂಡು, ಒಗ್ಗರಣೆ ಸೌಟು ಕೈಗೆ ತೆಗೆದುಕೊಳ್ಳುವ ಮೊದಲು ಹೋಗಿ ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಿದ್ದೆ.